ಕಲ್ಲಿನೊಳಗಿನ ಬಣ್ಣವನ್ನು ಅರಸಿದ ಸರ್ ಸಿ. ವಿ. ರಾಮನ್

ಫೆಬ್ರವರಿ 28 ಬಂತೆಂದರೆ ಶಾಲೆಗಳಲ್ಲಿ ವಿಜ್ಞಾನ ದಿನದ ಸಡಗರ. 1928ರ ಆ ದಿನ ಕಲ್ಕತ್ತೆಯಲ್ಲಿ ಚಂದ್ರಶೇಖರ ವೆಂಕಟರಾಮನ್ ಅವರು ಕಂಡುಹಿಡಿದ ಬೆಳಕಿನ ಚದರಿಕೆಯನ್ನೂ 1930ರ ನೊಬೆಲ್ ಪುರಸ್ಕಾರವನ್ನೂ ಮಕ್ಕಳು ಬಾಯಿಪಾಠವಾಗಿ ಒಪ್ಪಿಸಬಲ್ಲರು. ಅವರ ಬಾಳಿನ ಉತ್ತರಾರ್ಧದ ಬಹುಭಾಗ ಕಲ್ಲು, ಚಿಪ್ಪು, ಹರಳುಗಳ ಸಹವಾಸದಲ್ಲಿ ಕಳೆಯಿತೆಂಬುದು ಮಾತ್ರ ಅಷ್ಟಾಗಿ ಪ್ರಚಾರದಲ್ಲಿಲ್ಲ.

1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದ ರಾಮನ್, ಮದರಾಸಿನಲ್ಲಿ ಓದಿ, 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದರು. ಕಚೇರಿಯ ಬಿಡುವಿನಲ್ಲಿ ಸಂಶೋಧನೆ ನಡೆಸಿ, ಹತ್ತು ವರ್ಷಗಳ ಬಳಿಕ ಆ ಹುದ್ದೆಯನ್ನೇ ತೊರೆದು ಪ್ರಾಧ್ಯಾಪಕರಾದರು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮೊದಲ ಭಾರತೀಯ ನಿರ್ದೇಶಕರಾಗಿ ಬಂದವರು ಕೊನೆಯವರೆಗೂ ಅಲ್ಲಿಯೇ ನೆಲಸಿದರು.

ಬೆಂಗಳೂರಿನ ಮೊದಲ ವರ್ಷಗಳಲ್ಲಿ ಅವರನ್ನು ಸೆಳೆದುದು ಚಿಪ್ಪು. ಕಾಸರಗೋಡಿನ ಕಡಲತಡಿಯ ನಮ್ಮ ಮಕ್ಕಳು ಆಡಿ ಬಿಸುಡುವ ಚಿಪ್ಪಿನ ಒಳಮೈಯಲ್ಲಿ ಕಾಮನಬಿಲ್ಲು ಹೊಳೆದು ಮಾಯವಾಗುತ್ತದೆ. ಅದನ್ನು ಅರೆದು ನೋಡಿದರೆ ಉಳಿಯುವುದು ಬಿಳಿಯ ಪುಡಿ, ಬಣ್ಣದ ಸುಳಿವಿಲ್ಲ. ಬಣ್ಣವಿದ್ದುದು ವಸ್ತುವಿನಲ್ಲಲ್ಲ, ಅದರ ರಚನೆಯಲ್ಲಿ. ಒಂದರ ಮೇಲೊಂದು ಕುಳಿತ ಅತಿ ತೆಳು ಪದರಗಳಿಂದ ಮರಳುವ ಬೆಳಕಿನ ಅಲೆಗಳು ಕೂಡಿದಾಗ ಕೆಲವು ಬಣ್ಣಗಳು ಬಲಗೊಳ್ಳುತ್ತವೆ, ಕೆಲವು ಅಳಿಯುತ್ತವೆ.

1948ರಲ್ಲಿ ನಿವೃತ್ತರಾದಾಗ ಅವರಿಗೆ ಅರುವತ್ತು. ಮೈಸೂರು ಸಂಸ್ಥಾನವು ಹಿಂದೆಯೇ ನೀಡಿದ್ದ ನೆಲದಲ್ಲಿ ಕಟ್ಟಿದ ತಮ್ಮ ಸಂಶೋಧನಾಲಯಕ್ಕೆ ಅವರು ತೆರಳಿದರು. ಮೊದಲಿಗೆ ಅಲ್ಲಿ ವಿದ್ಯುತ್ತೂ ಇರಲಿಲ್ಲ. ಕನ್ನಡಿಯಿಂದ ಕೋಣೆಯೊಳಕ್ಕೆ ತಿರುಗಿಸಿದ ಬಿಸಿಲುಕೋಲು, ಒಂದು ಭೂತಗನ್ನಡಿ, ಕಿಸೆಯಲ್ಲಿ ಹಿಡಿಸುವ ರೋಹಿತದರ್ಶಕ: ಇಷ್ಟರಿಂದಲೇ ಕೆಲಸ ಸಾಗಿತು. ಮುರಕಲ್ಲಿನ ಗೋಡೆಯೊಳಗೆ ಕುಳಿತು, ಒಂದು ಕಲ್ಲನ್ನೂ ಕೈಯಲ್ಲಿ ಹಿಡಿಯದೆ ಶಿಲೆಗಳ ಪಾಠವನ್ನು ಓದಿ ಮುಗಿಸುವ ನಮಗೆ ಆ ಬಡ ಸಲಕರಣೆಗಳು ಹೇಳುವುದು ಬಹಳವಿದೆ.

ತರುಣ ಸಹಾಯಕ ಎ. ಜಯರಾಮನ್ ಅವರೊಡನೆ ರಾಮನ್ ಪರಿಶೀಲಿಸಿದ ಕಲ್ಲುಗಳಲ್ಲಿ ಲ್ಯಾಬ್ರಡೊರೈಟ್ ಒಂದು. ಬೂದುಬಣ್ಣದ ಈ ಕಲ್ಲನ್ನು ತುಸು ಓರೆಯಾಗಿಸಿದರೆ ನವಿಲುಗರಿಯ ನೀಲಿ ಮಿಂಚುತ್ತದೆ. ಕಲ್ಲು ನಿಧಾನವಾಗಿ ತಣಿಯುವಾಗ ಎರಡು ಬಗೆಯ ಫೆಲ್ಡ್‌ಸ್ಪಾರ್ ಬೇರ್ಪಟ್ಟು ಪದರಗಟ್ಟುವುದೇ ಇದಕ್ಕೆ ಕಾರಣ. ಸಿಂಹಳದ ಚಂದ್ರಕಾಂತ ಶಿಲೆಯೂ ಅವರ ಮೇಜಿಗೆ ಬಂದಿತು. ನಮ್ಮ ಕವಿಗಳು ಬೆಳದಿಂಗಳಿಗೆ ಒಸರುವುದೆಂದು ಬಣ್ಣಿಸಿದ ಕಲ್ಲು ಒಸರುವುದಿಲ್ಲವೆಂಬುದು ನಿಜ. ಆದರೆ ಅದರೊಳಗೆ ತೇಲುವ ತಣ್ಬೆಳಕು ಕವಿಗಳ ಕಲ್ಪನೆಗಿಂತ ಕಡಿಮೆಯದಲ್ಲ.

ಓಪಲ್ ರತ್ನದ ವಿಷಯದಲ್ಲಿ ಅವರ ವಿವರಣೆ ನಿಲ್ಲಲಿಲ್ಲ. ಸಿಲಿಕದ ಎರಡು ಸ್ಫಟಿಕರೂಪಗಳು ಪದರಪದರವಾಗಿ ಕೂಡಿವೆಯೆಂದು 1953ರಲ್ಲಿ ಅವರು ವಾದಿಸಿದ್ದರು. 1964ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಬೇರೆಯೇ: ಒಂದೇ ಗಾತ್ರದ ಕಿರುಗೋಳಗಳ ಒಪ್ಪವಾದ ಜೋಡಣೆ. ಭೂತಗನ್ನಡಿಗೆ ಎಟುಕದ ಸೂಕ್ಷ್ಮವದು. ಬಣ್ಣ ರಚನೆಯಿಂದಲೇ ಬಂದುದೆಂಬ ಮೂಲ ಮಾತಿಗೆ ಮಾತ್ರ ಕುಂದು ಬರಲಿಲ್ಲ.

1970ರ ನವೆಂಬರ್ 21ರಂದು ರಾಮನ್ ತೀರಿಕೊಂಡರು. ಅಂತ್ಯಸಂಸ್ಕಾರ ನಡೆದುದು ಸಂಶೋಧನಾಲಯದ ತೋಟದಲ್ಲಿ. ಅವರು ಕೂಡಿಸಿದ ಕಲ್ಲು, ಹರಳುಗಳು ಅದೇ ಆವರಣದ ಸಂಗ್ರಹಾಲಯದಲ್ಲಿವೆ.