ನ್ಯಾಯಮೂರ್ತಿ ಸರ್ ನಾರಾಯಣ ಚಂದಾವರಕರರು

ಮುಂಬಯಿಗೆ ಬಂದ ಕನ್ನಡಿಗರೆಂದರೆ ನಮಗೆ ಖಾನಾವಳಿ, ಗಿರಣಿ, ಕಾರಖಾನೆಗಳೇ ಮೊದಲು ನೆನಪಾಗುತ್ತವೆ. ರಬಾಳೆಯ ನಾವೂ ಆ ಸಾಲಿನವರೇ. ಆದರೆ ನಮಗಿಂತ ಬಹು ಮೊದಲು ಹೊನ್ನಾವರದಿಂದ ಬಂದವರೊಬ್ಬರು ಬ್ರಿಟಿಷರ ಹೈಕೋರ್ಟಿನ ನ್ಯಾಯಪೀಠವನ್ನೇ ಏರಿದ್ದರು.

ನಾರಾಯಣ ಗಣೇಶ ಚಂದಾವರಕರರು ಜನಿಸಿದ್ದು ೧೮೫೫ರ ದಶಂಬರ ೨ರಂದು. ಮನೆಮಾತು ಕೊಂಕಣಿ, ನೆಲ ಕನ್ನಡದ್ದು. ಆಗ ಹೊನ್ನಾವರವು ಮದರಾಸು ಇಲಾಖೆಯಲ್ಲಿತ್ತು. ೧೮೬೨ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಇಲಾಖೆಗೆ ಸೇರಿಸಿದರು. ಅಲ್ಲಿಂದ ಆ ಸೀಮೆಯವರ ಓದಿನ ಹಾದಿ, ಅನ್ನದ ಹಾದಿ ಎರಡೂ ಈ ಕಡೆಗೆ ತಿರುಗಿದವು. ಚಂದಾವರಕರರು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಕಲಿತು, ೧೮೮೧ರಲ್ಲಿ ಕಾಯಿದೆಯ ಪದವಿ ಪಡೆದು ವಕೀಲರಾದರು. ‘ಇಂದುಪ್ರಕಾಶ’ ಪತ್ರಿಕೆಯ ಇಂಗ್ಲಿಷ್ ಭಾಗಕ್ಕೆ ಸಂಪಾದಕರೂ ಆಗಿದ್ದರು. ೧೮೮೫ರ ಚುನಾವಣೆಯ ಹೊತ್ತಿಗೆ ಇಂಗ್ಲೆಂಡಿನ ಜನರ ಮುಂದೆ ಹಿಂದುಸ್ಥಾನದ ಅಹವಾಲನ್ನಿಡಲು ಹೋದ ಮೂವರಲ್ಲಿ ಇವರೊಬ್ಬರು.

೧೯೦೦ರಲ್ಲಿ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರು, ಮರುವರ್ಷವೇ ಸರಕಾರದ ನ್ಯಾಯಮೂರ್ತಿಗಳು! ಇಂದಿನವರಿಗೆ ಇದು ಸೋಜಿಗವೆನಿಸೀತು. ಅಂದಿನ ಕಾಂಗ್ರೆಸ್ಸು ಅರ್ಜಿ ಬರೆಯುವ ಕಾಂಗ್ರೆಸ್ಸು ಎಂಬುದನ್ನು ಮರೆಯಬಾರದು. ಅದೇ ೧೯೦೧ರಲ್ಲಿ ರಾನಡೆಯವರು ತೀರಿಕೊಂಡರು. ಪ್ರಾರ್ಥನಾ ಸಮಾಜದ ಮುಂದಾಳುತನವೂ ಇವರ ಪಾಲಿಗೆ ಬಂತು. ಜಮಖಂಡಿಯ ವಿಠ್ಠಲ ರಾಮಜಿ ಶಿಂದೆಯವರು ೧೯೦೬ರಲ್ಲಿ ಅಸ್ಪೃಶ್ಯರ ಏಳಿಗೆಗಾಗಿ ಮಂಡಲಿಯನ್ನು ಕಟ್ಟಿದಾಗ ಅದರ ಅಧ್ಯಕ್ಷತೆ ವಹಿಸಿದವರೂ ಇವರೇ. ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಆ ಕಾಲದಲ್ಲಿ ಹೀಗೆ ಮುಂದೆ ಬಂದುದು ಸಣ್ಣ ಮಾತಲ್ಲ.

ಆದರೆ ನಮ್ಮವರೆಂಬ ಅಭಿಮಾನದಿಂದ ಉಳಿದುದನ್ನು ಮುಚ್ಚಿಡಲಾರೆವು. ‘ಸರ್’ ಪದವಿ ಬಂದ ೧೯೧೦ರಲ್ಲಿಯೇ ಸಾವರಕರರಿಗೆ ಕರಿನೀರಿನ ಶಿಕ್ಷೆ ವಿಧಿಸಿದ ಮೂವರು ನ್ಯಾಯಾಧೀಶರಲ್ಲಿ ಚಂದಾವರಕರರೂ ಕುಳಿತಿದ್ದರು. ಸುಮಾರು ಹನ್ನೆರಡು ವರ್ಷಗಳ ಸೇವೆಯ ತರುವಾಯ ಪೀಠವನ್ನು ಬಿಟ್ಟು ಇಂದೂರಿನ ದಿವಾನರಾದರು. ನಿವೃತ್ತರಾದರೂ ಸರಕಾರ ಅವರನ್ನು ಬಿಡಲಿಲ್ಲ. ೧೯೧೮ರಲ್ಲಿ, ವಿಚಾರಣೆಯಿಲ್ಲದೆ ಬಂಧನದಲ್ಲಿದ್ದ ೮೦೬ ಮಂದಿಯ ಕಾಗದಪತ್ರಗಳನ್ನು ನ್ಯಾಯಮೂರ್ತಿ ಬೀಚ್‌ಕ್ರಾಫ್ಟರೊಡನೆ ಪರಿಶೀಲಿಸಿದರು; ಬಿಡುಗಡೆಗೆ ಶಿಫಾರಸು ಮಾಡಿದ್ದು ಆರೇ ಜನರಿಗೆ. ಎದುರು ಪಕ್ಷದ ವಕೀಲರಿಲ್ಲದೆ ಬರಿಯ ಪೊಲೀಸರ ಕಾಗದವನ್ನು ನಂಬಿದ್ದು ಆ ಅನುಭವಿ ಕೈಗೆ ಒಪ್ಪುವಂಥದಾಗಿರಲಿಲ್ಲವೆಂದೇ ನಮ್ಮ ಅಭಿಪ್ರಾಯ.

ಅದೇ ಮನುಷ್ಯರು ೧೯೨೦ರಲ್ಲಿ, ಜಾಲಿಯನ್‌ವಾಲಾ ಬಾಗಿನ ಹತ್ಯೆಯ ಬಗೆಗೆ ಹಂಟರ್ ಸಮಿತಿಯ ವರದಿ ಬಂದಾಗ, ಅದನ್ನು ಖಂಡಿಸಲು ಮುಂಬಯಿಯಲ್ಲಿ ಕೂಡಿದ ಸಾರ್ವಜನಿಕ ಸಭೆಯ ಅಧ್ಯಕ್ಷರಾದರು. ಗಾಂಧೀಜಿಯವರೂ ಆ ಸಭೆಯಲ್ಲಿ ಠರಾವನ್ನು ಮಂಡಿಸಿದರು.

೧೯೨೧ರಲ್ಲಿ ಚಂದಾವರಕರರು ಮುಂಬಯಿ ಶಾಸನಸಭೆಯ ಅಧ್ಯಕ್ಷರಾದರು. ಆ ಹುದ್ದೆಯಲ್ಲಿರುವಾಗಲೇ, ೧೯೨೩ರ ಮೇ ತಿಂಗಳಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು. ಮುಂಬಯಿಯಲ್ಲಿ ಬಾಳಿದ ಆ ಜೀವ ಕಣ್ಮುಚ್ಚಿದ್ದು ಕನ್ನಡ ನೆಲದಲ್ಲಿ.