ರೇಡಿಯೋ ಮೇಷ್ಟ್ರ ಇನ್ನೊಂದು ಕೆಲಸ

ಕ್ವಿಜ್ ಆಡೋರಿಗೆಲ್ಲ ಈ ಪ್ರಶ್ನೆ ಬಾಯಿಪಾಠ. ಆಕಾಶವಾಣಿ ಅನ್ನೋ ಹೆಸರಿನ ರೇಡಿಯೋ ಮೊದಲು ಶುರುವಾಗಿದ್ದು ಎಲ್ಲಿ? ಮೈಸೂರಿನಲ್ಲಿ. ಯಾರು ಶುರು ಮಾಡಿದ್ದು? ಎಂ. ವಿ. ಗೋಪಾಲಸ್ವಾಮಿ. ಯಾವಾಗ? 1935ರ ಸೆಪ್ಟೆಂಬರ್ 10. ಪಾಯಿಂಟ್ ಸಿಕ್ತು, ಮುಂದಿನ ಪ್ರಶ್ನೆಗೆ ಹೋಗೋಣ ಅಂತಾರೆ. ಈ ಗೋಪಾಲಸ್ವಾಮಿಯವರು ಸಂಬಳ ತಗೊಳ್ತಾ ಇದ್ದಿದ್ದು ಯಾವ ಕೆಲಸಕ್ಕೆ ಅಂತ ಮಾತ್ರ ಯಾವ ಕ್ವಿಜ್ ಮಾಸ್ಟರೂ ಕೇಳಲ್ಲ. ಅವರು ಎಲೆಕ್ಟ್ರಾನಿಕ್ಸ್‌ನವರಲ್ಲ, ಫಿಸಿಕ್ಸ್‌ನವರೂ ಅಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರೊಫೆಸರ್. ಮನುಷ್ಯನ ಬುದ್ಧಿಯನ್ನ ಅಳೆಯೋದು ಹೇಗೆ ಅನ್ನೋ ವಿದ್ಯೆಯನ್ನ ಅದು ಹುಟ್ಟಿದ ಜಾಗಕ್ಕೇ ಹೋಗಿ ಕಲಿತು ಬಂದವರು.

ನಮ್ಮಲ್ಲಿ ಎಲ್ಲರೂ ಈಗ ಆಪ್ಟಿಟ್ಯೂಡ್ ಪುಸ್ತಕ ಹಿಡಿದು ಕೂತಿದ್ದೀವಿ. ನಂಬರ್ ಸೀರೀಸ್, ಬ್ಲಡ್ ರಿಲೇಶನ್, ಚಿತ್ರಗಳ ಸಾಲಿನಲ್ಲಿ ಮುಂದಿನದು ಯಾವುದು, ಇವೇ ಆಗಿವೆ. ಅದಕ್ಕೇ ಈ ಸಲ ರೇಡಿಯೋ ಗೋಪಾಲಸ್ವಾಮಿಯವರನ್ನ ಸ್ವಲ್ಪ ಪಕ್ಕಕ್ಕಿಟ್ಟು, ಆ ಇನ್ನೊಬ್ಬ ಗೋಪಾಲಸ್ವಾಮಿಯವರ ಬಗ್ಗೆ ಬರೆಯೋಣ ಅನ್ನಿಸ್ತು.

ಮೊದಲೇ ಒಂದು ಮಾತು. ಎಂ. ವಿ. ಗೋವಿಂದಸ್ವಾಮಿ ಅಂತ ಇನ್ನೊಬ್ಬರಿದ್ದಾರೆ. ಅವರು ಮನೋವೈದ್ಯರು, ಬೆಂಗಳೂರಿನಲ್ಲಿ ಈಗಿನ ನಿಮ್ಹಾನ್ಸ್‌ಗೆ ಮೂಲವಾದ ಸಂಸ್ಥೆ 1954ರಲ್ಲಿ ಶುರುವಾದಾಗ ಅದರ ಮೊದಲ ನಿರ್ದೇಶಕರು. ಇನಿಷಿಯಲ್ ಒಂದೇ, ಕಾಲವೂ ಹತ್ತಿರ ಹತ್ತಿರ, ಕ್ಷೇತ್ರವೂ ಅಕ್ಕಪಕ್ಕ. ಹುಡುಕುವಾಗ ಹುಷಾರು.

ನಮ್ಮ ಗೋಪಾಲಸ್ವಾಮಿಯವರು ಓದೋಕೆ ಹೋಗಿದ್ದು ಲಂಡನ್ ವಿಶ್ವವಿದ್ಯಾಲಯಕ್ಕೆ. ಅಲ್ಲಿ ಅವರ ಗುರು ಚಾರ್ಲ್ಸ್ ಸ್ಪಿಯರ್‌ಮನ್. ಈ ಗುರುವಿನ ಕಥೆ ಹೇಳದೆ ಶಿಷ್ಯನ ಕಥೆ ಅರ್ಥ ಆಗಲ್ಲ. ಸ್ಪಿಯರ್‌ಮನ್ ಬ್ರಿಟಿಷ್ ಸೈನ್ಯದಲ್ಲಿ ಸುಮಾರು 15 ವರ್ಷ ಅಧಿಕಾರಿಯಾಗಿದ್ದವರು, ಬರ್ಮಾ ಯುದ್ಧದಲ್ಲೂ ಇದ್ದರು. 1897ರಲ್ಲಿ ಸೈನ್ಯ ಬಿಟ್ಟು, ಮೂವತ್ತು ದಾಟಿದ ಮೇಲೆ, ಜರ್ಮನಿಯ ಲೈಪ್‌ಜಿಗ್‌ಗೆ ಹೋಗಿ ವುಂಟ್ ಅವರ ಹತ್ತಿರ ಪ್ರಯೋಗಾತ್ಮಕ ಮನಃಶಾಸ್ತ್ರ ಓದೋಕೆ ಶುರು ಮಾಡಿದ್ರು. ಪಿಎಚ್‌ಡಿ ಸಿಕ್ಕಿದ್ದು 1906ರಲ್ಲಿ, ನಲವತ್ತು ದಾಟಿದ ಮೇಲೆ. ಬ್ಯಾಕ್‌ಲಾಗ್ ಇದೆ ಅಂತ ತಲೆ ಮೇಲೆ ಕೈ ಹೊತ್ತು ಕೂತಿರೋರಿಗೆ ಇದು ಸಮಾಧಾನ ಆಗಲಿ.

ಡಿಗ್ರಿ ಸಿಗೋ ಮುಂಚೆಯೇ, 1904ರಲ್ಲಿ, ಸ್ಪಿಯರ್‌ಮನ್ ಒಂದು ಪ್ರಬಂಧ ಬರೆದರು. ಇಂಗ್ಲೆಂಡಿನ ಶಾಲಾ ಮಕ್ಕಳ ಅಂಕಗಳನ್ನ ತಗೊಂಡು, ಯಾವ ವಿಷಯಕ್ಕೂ ಯಾವ ವಿಷಯಕ್ಕೂ ಎಷ್ಟು ಸಂಬಂಧ ಇದೆ ಅಂತ ಲೆಕ್ಕ ಹಾಕಿದರು. ಗ್ರೀಕ್-ಲ್ಯಾಟಿನ್ ಪಾಠಕ್ಕೂ ಫ್ರೆಂಚ್‌ಗೂ ಕೋರಿಲೇಶನ್ 0.83 ಬಂತು. ಅದರಲ್ಲೇನು ವಿಶೇಷ, ಎರಡೂ ಭಾಷೆಗಳೇ ತಾನೆ ಅನ್ನಬಹುದು. ಗಣಿತದ ಜೊತೆ 0.70. ಹೋಗಲಿ. ಎರಡು ಸ್ವರಗಳಲ್ಲಿ ಯಾವುದು ಮೇಲಿನದು ಅಂತ ಕಿವಿಯಿಂದ ಗುರುತಿಸೋ ಪರೀಕ್ಷೆ ಇತ್ತಲ್ಲ, ಅದರ ಜೊತೆಗೂ 0.66! ಎಲ್ಲವೂ ಪಾಸಿಟಿವ್. ಒಂದರಲ್ಲಿ ಮುಂದಿರೋ ಹುಡುಗ ಸಾಮಾನ್ಯವಾಗಿ ಎಲ್ಲದರಲ್ಲೂ ಸ್ವಲ್ಪ ಮುಂದೆ. ಹಾಗಾದ್ರೆ ಎಲ್ಲದರ ಹಿಂದೆ ಒಂದೇ ಒಂದು ಸಾಮಾನ್ಯ ಶಕ್ತಿ ಇರಬೇಕು ಅಂತ ಅವರು ತೀರ್ಮಾನ ಮಾಡಿ, ಅದಕ್ಕೆ ಜಿ ಅನ್ನೋ ಒಂದಕ್ಷರದ ಹೆಸರಿಟ್ಟರು. ಉಳಿದಿದ್ದು ಆಯಾ ವಿಷಯಕ್ಕೆ ಮಾತ್ರ ಸೇರಿದ ಕೌಶಲ, ಅದು ಎಸ್.

ಲೀನಿಯರ್ ಆಲ್ಜೀಬ್ರಾ ಓದಿದವರಿಗೆ ಇದು ಪರಿಚಿತ ಅನ್ನಿಸಬೇಕು. ಕೋರಿಲೇಶನ್ ಮ್ಯಾಟ್ರಿಕ್ಸ್ ತಗೊಂಡು ಅದರ ಮೊದಲ ಐಗನ್‌ವೆಕ್ಟರ್ ಹುಡುಕಿದರೆ ಹೆಚ್ಚುಕಮ್ಮಿ ಇದೇ ಸಿಗುತ್ತೆ. ನಾವು ಮಷಿನ್ ಲರ್ನಿಂಗ್ ಅಂತ ಹೇಳಿ ಡೈಮೆನ್ಶನ್ ಕಡಿಮೆ ಮಾಡ್ತೀವಲ್ಲ, ಅದರ ಅಣ್ಣನಂಥ ಫ್ಯಾಕ್ಟರ್ ಅನಾಲಿಸಿಸ್ ಹುಟ್ಟಿದ್ದೇ ಶಾಲೆ ಮಕ್ಕಳ ಮಾರ್ಕ್ಸ್ ಕಾರ್ಡಿನಿಂದ.

ಆದರೆ ಮ್ಯಾಟ್ರಿಕ್ಸ್‌ನಲ್ಲಿ ಒಂದು ದೊಡ್ಡ ಐಗನ್‌ವ್ಯಾಲ್ಯೂ ಬಂದ ಮಾತ್ರಕ್ಕೆ ತಲೆಯೊಳಗೆ ಅಂಥದ್ದೊಂದು ವಸ್ತು ಇದೆ ಅಂತ ಆಗುತ್ತಾ? ಇದನ್ನ ಕೇಳಿದವರು ಗಾಡ್‌ಫ್ರಿ ಥಾಮ್ಸನ್. 1916ರಲ್ಲಿ ಅವರು ದಾಳ ಉರುಳಿಸಿ ಸುಳ್ಳು ಅಂಕಗಳನ್ನ ತಯಾರು ಮಾಡಿದರು. ಅದರಲ್ಲಿ ಯಾವ ಸಾಮಾನ್ಯ ಶಕ್ತಿಯನ್ನೂ ಇಟ್ಟಿರಲಿಲ್ಲ. ಸಣ್ಣ ಸಣ್ಣ ಸ್ವತಂತ್ರ ಅಂಶಗಳು ಬೇರೆ ಬೇರೆ ಪರೀಕ್ಷೆಗಳಲ್ಲಿ ಹಂಚಿಕೊಂಡಿದ್ದವು, ಅಷ್ಟೆ. ಆದರೂ ಸ್ಪಿಯರ್‌ಮನ್ ಅವರ ಟೇಬಲ್ಲಿನಲ್ಲಿ ಇದ್ದಂಥ ವಿನ್ಯಾಸವೇ ಬಂತು. ಸಿಮ್ಯುಲೇಶನ್ ಅಂದ್ರೆ ಇದು, ಕಂಪ್ಯೂಟರ್ ಇಲ್ಲದ ಕಾಲದಲ್ಲಿ. ಇಬ್ಬರ ಜಗಳ ಬಹಳ ವರ್ಷ ನಡೀತು. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿದ್ದಾಗ ಅದು ಇನ್ನೂ ಬಿಸಿಬಿಸಿಯಾಗೇ ಇತ್ತು.

ಅವರು ತಮ್ಮ ಸಂಶೋಧನೆಗೆ ಆರಿಸಿಕೊಂಡ ವಿಷಯ ನಮಗೆ ತುಂಬಾ ಇಷ್ಟ ಆಯ್ತು. ಪುಸ್ತಕದ ಬುದ್ಧಿ ಬಿಟ್ಟು ಕೈಯ ಕಡೆಗೆ ಹೋದರು. ಕೈಕಾಲು ಹೊಸ ಚಲನೆ ಕಲಿಯುವಾಗ ಬುದ್ಧಿಶಕ್ತಿಯ ಪಾತ್ರ ಏನು ಅನ್ನೋದರ ಬಗ್ಗೆ ಅವರ ಪ್ರಬಂಧ 1924ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿಯಲ್ಲಿ ಬಂತು. ಇಂಥ ಕಲಿಕೆಯನ್ನ ನೋಡೋಕೆ ಮನಃಶಾಸ್ತ್ರದ ಲ್ಯಾಬಿನಲ್ಲಿ ಒಂದು ಹಳೇ ಪ್ರಯೋಗ ಇದೆ. ನಿಮ್ಮ ಕೈಯನ್ನ ಮರೆ ಮಾಡಿ, ಎದುರಿಗೆ ಕನ್ನಡಿ ಇಟ್ಟು, ಕನ್ನಡಿಯಲ್ಲಿ ಮಾತ್ರ ನೋಡ್ತಾ ಒಂದು ನಕ್ಷತ್ರದ ಗೆರೆ ಮೇಲೆ ಪೆನ್ಸಿಲ್ ಓಡಿಸಬೇಕು. ರೂಮಿನಲ್ಲಿ ಒಮ್ಮೆ ಮಾಡಿ ನೋಡಿ. ಕೈ ಎಳೆದ ಕಡೆ ಹೋಗಲ್ಲ, ಮೂಲೆ ಬಂದ ತಕ್ಷಣ ಪೆನ್ಸಿಲ್ ಹಟ ಹಿಡಿದ ಎಮ್ಮೆ ಥರ ನಿಂತುಬಿಡುತ್ತೆ. ಹತ್ತು ಸಲ ಮಾಡಿದ ಮೇಲೆ ಸರಾಗ ಆಗುತ್ತೆ. ಸರಾಗ ಆಗಿದ್ದು ಯೋಚನೆಯಿಂದಲೋ, ಸುಮ್ಮನೆ ಅಭ್ಯಾಸದಿಂದಲೋ?

ಇಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ ಉದ್ಘಾಟನೆ ಆಯ್ತಲ್ಲ, ಅಲ್ಲಿ ತಯಾರಾಗೋ ಯಂತ್ರದ ಒಳಗೆ ಕೂತವರ ಪಾಡು ಯೋಚನೆ ಮಾಡಿ. ಎಡಗೈಗೆ ಒಂದು ಲಿವರ್, ಬಲಗೈಗೆ ಇನ್ನೊಂದು, ಎರಡೂ ಕಾಲಿಗೆ ಪೆಡಲ್. ಒಂದನ್ನ ಅಲುಗಿಸಿದರೆ ಉಳಿದವನ್ನೂ ಸರಿಪಡಿಸಬೇಕು. ಪೈಲಟ್ ಆಗೋಕೆ ಹೋದವರಿಗೆ ಪೇಪರ್ ಟೆಸ್ಟ್ ಸಾಕಾಗಲ್ಲ, ಕೈ ಕಾಲು ಕಣ್ಣಿನ ಹೊಂದಾಣಿಕೆಯನ್ನೂ ಪರೀಕ್ಷೆ ಮಾಡ್ತಾರೆ. ವಾಯುಪಡೆಯ ಅಂಥ ಒಂದು ಆಯ್ಕೆ ಮಂಡಳಿ ಮೈಸೂರಿನಲ್ಲೇ ಇದೆ. ಬುದ್ಧಿ ಬೆರಳ ತುದಿಯಲ್ಲೂ ಇರುತ್ತಾ ಅನ್ನೋ ಪ್ರಶ್ನೆಯನ್ನ ನೂರು ವರ್ಷದ ಹಿಂದೆ ಹಿಡಿದುಕೊಂಡು ಕೂತಿದ್ದ ಮನುಷ್ಯ ಅಂತ ನೋಡಿದರೆ, ಗೋಪಾಲಸ್ವಾಮಿಯವರು ಮೆಕ್ಯಾನಿಕಲ್ ವರ್ಕ್‌ಶಾಪಿಗೆ ಹತ್ತಿರದವರು.

ಅವರು ಲಂಡನ್ನಿನಲ್ಲಿ ಓದುತ್ತಿದ್ದ ವರ್ಷಗಳಲ್ಲೇ ಬುದ್ಧಿಪರೀಕ್ಷೆ ಇನ್ನೊಂದು ಕಡೆ ಕೆಟ್ಟ ದಾರಿ ಹಿಡಿದಿತ್ತು. ಮೊದಲು 1905ರಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಬಿನೆ ತಮ್ಮ ಪ್ರಶ್ನೆಗಳನ್ನ ಮಾಡಿದ್ದು ಶಾಲೆಯಲ್ಲಿ ಹಿಂದೆ ಬಿದ್ದ ಮಕ್ಕಳನ್ನ ಗುರುತಿಸಿ ಸಹಾಯ ಮಾಡೋಕೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕ ಅದೇ ಬಗೆಯ ಪರೀಕ್ಷೆಯನ್ನ ಹದಿನೇಳು ಲಕ್ಷಕ್ಕೂ ಹೆಚ್ಚು ಸೈನಿಕರಿಗೆ ಕೊಟ್ಟಿತು. ಅದರಲ್ಲಿ ಬೇಸ್‌ಬಾಲ್ ಆಟಗಾರ ಯಾರು, ಯಾವ ಕಂಪನಿ ಏನು ಮಾರುತ್ತೆ ಅನ್ನೋ ಪ್ರಶ್ನೆಗಳೂ ಇದ್ದವು. ಹಡಗಿಳಿದು ನಾಲ್ಕು ವರ್ಷ ಆದ ವಲಸಿಗನಿಗೆ ಇದೆಲ್ಲ ಹೇಗೆ ಗೊತ್ತಿರಬೇಕು? ಅವನಿಗೆ ಕಮ್ಮಿ ಅಂಕ ಬಂತು. ಕಾರ್ಲ್ ಬ್ರಿಗಮ್ ಅನ್ನೋ ಮನಃಶಾಸ್ತ್ರಜ್ಞ ಅದನ್ನಿಟ್ಟುಕೊಂಡು 1923ರಲ್ಲಿ, ಇಂತಿಂಥ ದೇಶದವರ ಬುದ್ಧಿಯೇ ಕಡಿಮೆ ಅಂತ ಪುಸ್ತಕ ಬರೆದರು. 1930ರಲ್ಲಿ ತಾವೇ ಅದನ್ನ ವಾಪಸ್ ತಗೊಂಡರು. ನಡುವೆ, 1926ರಲ್ಲಿ, ಅಮೆರಿಕದ ಕಾಲೇಜು ಪ್ರವೇಶದ ಎಸ್‌ಎಟಿ ತಯಾರು ಮಾಡಿದ್ದೂ ಇದೇ ಬ್ರಿಗಮ್. ಎಸ್‌ಎಟಿಯಲ್ಲಿ ಎ ಅಂದ್ರೆ ಆಗ ಆಪ್ಟಿಟ್ಯೂಡ್. ನಾವು ದಿನಾ ಹೇಳೋ ಆ ಪದದ ವಂಶವೃಕ್ಷದಲ್ಲಿ ಇಂಥ ತಾತಂದಿರೂ ಇದ್ದಾರೆ.

ಮೈಸೂರು ಸಂಸ್ಥಾನದಲ್ಲೂ ಯಾರು ಯೋಗ್ಯರು ಅನ್ನೋ ಜಗಳ ಆಗಷ್ಟೇ ನಡೆದಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿ ಮಾಡಿದರು. ಸರ್ಕಾರಿ ಕೆಲಸದಲ್ಲಿ ಹಿಂದುಳಿದವರಿಗೆ ಪಾಲು ಸಿಗಬೇಕು ಅನ್ನೋದು ಅದರ ವಿಷಯ. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ, ಅವರು ಹುದ್ದೆ ಬಿಟ್ಟಿದ್ದಕ್ಕೆ ಇದೂ ಕಾರಣ ಅಂತ ಇತಿಹಾಸ ಬರೆದವರು ಹೇಳ್ತಾರೆ. ಪ್ರತಿ ಸೆಪ್ಟೆಂಬರ್ 15ಕ್ಕೆ ನಾವು ಹಾರ ಹಾಕುವಾಗ ಈ ಭಾಗ ಯಾರೂ ಎತ್ತಲ್ಲ. ಮೆರಿಟ್ ಅನ್ನೋ ಮಾತು ಇಷ್ಟು ಬಿಸಿಯಿದ್ದ ಊರಿಗೆ, ಮೆರಿಟ್ ಅಳೆಯೋ ವಿದ್ಯೆ ಕಲಿತ ಒಬ್ಬರು ಬಂದರು.

1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಶುರುವಾಯ್ತು, ಅದನ್ನ ಕಟ್ಟಿದವರು ಗೋಪಾಲಸ್ವಾಮಿ. ಆಗ ಕುಲಪತಿಯಾಗಿದ್ದವರು ಬ್ರಜೇಂದ್ರನಾಥ ಸೀಲ್. ಕಲ್ಕತ್ತಾದಲ್ಲಿ ಪ್ರಯೋಗಾತ್ಮಕ ಮನಃಶಾಸ್ತ್ರಕ್ಕೆ ಸಿಲಬಸ್ ಬರೆದುಕೊಟ್ಟಿದ್ದವರೂ ಅವರೇ. ಕಲ್ಕತ್ತಾ ಬಿಟ್ಟರೆ ದೇಶದಲ್ಲಿ ಇಂಥ ವಿಭಾಗ ಮೊದಲು ಬಂದಿದ್ದು ಮೈಸೂರಿಗೆ. ಗೋಪಾಲಸ್ವಾಮಿಯವರು ಅಲ್ಲಿ ಲ್ಯಾಬ್ ಮಾಡಿದರು, ಪ್ರಾಣಿಗಳ ಮೇಲಿನ ಪ್ರಯೋಗಕ್ಕೂ ವ್ಯವಸ್ಥೆ ಮಾಡಿದರು. ಪಶ್ಚಿಮದ ಬುದ್ಧಿಪರೀಕ್ಷೆಗಳನ್ನ ಇಲ್ಲಿನವರಿಗೆ ಒಗ್ಗಿಸೋ ಕೆಲಸವನ್ನೂ ಕೈಗೆತ್ತಿಕೊಂಡರು.

ಒಗ್ಗಿಸೋದು ಅಂದ್ರೆ ಟ್ರಾನ್ಸ್‌ಲೇಟ್ ಮಾಡೋದು ಅಂತ ನಮಗೆಲ್ಲ ಅನ್ನಿಸುತ್ತೆ, ಅದರಲ್ಲೂ ನಮ್ಮಂಥ ಇಂಗ್ಲಿಷ್ ಮೀಡಿಯಂನವರಿಗೆ. ಒಂದು ಸಣ್ಣ ಉದಾಹರಣೆ ನೋಡಿ. ಅಂಕಿಗಳ ಸಾಲನ್ನ ಕೇಳಿಸಿಕೊಂಡು ಹಾಗೇ ತಿರುಗಿ ಹೇಳೋದು ಎಷ್ಟೋ ಬುದ್ಧಿಪರೀಕ್ಷೆಗಳಲ್ಲಿರೋ ಪ್ರಶ್ನೆ. ಅಂಕಿ ಎಲ್ಲಾ ಕಡೆ ಒಂದೇ, ಇದರಲ್ಲಿ ಅನುವಾದದ ತೊಂದರೆಯೇ ಇಲ್ಲ ಅನ್ನಿಸಬಹುದು. ಈಗ ಒಂದರಿಂದ ಒಂಬತ್ತರವರೆಗೆ ಕನ್ನಡದಲ್ಲಿ ಹೇಳಿ, ಒಟ್ಟು 20 ಅಕ್ಷರ. ಇಂಗ್ಲಿಷಿನಲ್ಲಿ ಹೇಳಿ, ಸೆವೆನ್ ಒಂದು ಬಿಟ್ಟು ಎಲ್ಲವೂ ಒಂದೇ ಉಸಿರಿನ ತುಂಡು, ಒಟ್ಟು 10. ತಲೆಯೊಳಗೆ ನಾವು ಅಂಕಿಗಳನ್ನ ಮತ್ತೆ ಮತ್ತೆ ಹೇಳಿಕೊಂಡೇ ನೆನಪಿಟ್ಟುಕೊಳ್ಳೋದು, ಹಾಗಾಗಿ ಹೇಳೋಕೆ ಉದ್ದವಾದಷ್ಟೂ ನೆನಪಿನಲ್ಲಿ ಹಿಡಿಯೋದು ಕಡಿಮೆ. ವೇಲ್ಸ್‌ನ ಮಕ್ಕಳು ಈ ಪ್ರಶ್ನೆಯಲ್ಲಿ ಹಿಂದೆ ಬೀಳ್ತಾ ಇದ್ದಿದ್ದಕ್ಕೆ ವೆಲ್ಷ್ ಅಂಕಿಗಳು ಉದ್ದ ಅನ್ನೋದೇ ಕಾರಣ ಅಂತ 1980ರಲ್ಲಿ ಎಲಿಸ್ ಮತ್ತು ಹೆನೆಲಿ ತೋರಿಸಿದರು. ಅಷ್ಟು ದಿನ ಅದು ಮಕ್ಕಳ ಬುದ್ಧಿಯ ಲೆಕ್ಕಕ್ಕೆ ಹೋಗ್ತಿತ್ತು.

ಅದಕ್ಕೇ ಪರೀಕ್ಷೆಯನ್ನ ಆಯಾ ನೆಲದ ಮಕ್ಕಳ ಮೇಲೇ ಪ್ರಯೋಗ ಮಾಡಿ, ಯಾವ ವಯಸ್ಸಿಗೆ ಯಾವ ಪ್ರಶ್ನೆ ಅಂತ ಹೊಸದಾಗಿ ಕೂರಿಸಬೇಕು. ಕನ್ನಡಕ್ಕೆ ಈ ಕೆಲಸವನ್ನ ದೊಡ್ಡದಾಗಿ ಮಾಡಿ ಮುಗಿಸಿದ್ದು ಉತ್ತರದ ಕಡೆ, ಧಾರವಾಡದಲ್ಲಿ. ವಿ. ವಿ. ಕಾಮತ್ ಅವರು ಬಿನೆ ಪರೀಕ್ಷೆಯನ್ನ ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಹೊಸದಾಗಿ ಹೊಂದಿಸಿ 1940ರಲ್ಲಿ ಪುಸ್ತಕ ಮಾಡಿದರು. ಬಿನೆ-ಕಾಮತ್ ಪರೀಕ್ಷೆ ಅಂತ ಅದರ ಹೆಸರು, ಕರ್ನಾಟಕದಲ್ಲಿ ಮಕ್ಕಳ ಬೌದ್ಧಿಕ ತೊಂದರೆ ಪತ್ತೆ ಮಾಡೋಕೆ ಬಹಳ ದಶಕಗಳ ಕಾಲ ಅದನ್ನ ಬಳಸಿದ್ದಾರೆ. ಬಿನೆ ಶುರು ಮಾಡಿದ ಉದ್ದೇಶಕ್ಕೇ ಬಂದು ನಿಂತಿತು ಅನ್ನೋದು ನಮಗೆ ಖುಷಿ ಕೊಟ್ಟ ವಿಷಯ.

ಇನ್ನು ರೇಡಿಯೋ. ಒಂಟಿಕೊಪ್ಪಲಿನ ಕಡೆ ಗೋಪಾಲಸ್ವಾಮಿಯವರ ಮನೆ, ವಿಠ್ಠಲ ವಿಹಾರ. ಅಲ್ಲಿ 30 ವಾಟ್‌ನ ಒಂದು ಟ್ರಾನ್ಸ್‌ಮಿಟರ್ ಇಟ್ಟರು. 30 ವಾಟ್ ಅಂದ್ರೆ ನಮ್ಮ ಹಾಸ್ಟೆಲ್ ಟ್ಯೂಬ್‌ಲೈಟಿಗಿಂತ ಕಡಿಮೆ. ದುಡ್ಡು ಹೆಚ್ಚಿನದು ಸ್ವಂತದ್ದು. ಆಗ ಆಲ್ ಇಂಡಿಯಾ ರೇಡಿಯೋ ಅನ್ನೋ ಹೆಸರೇ ಇರಲಿಲ್ಲ, ಅದು ಬಂದಿದ್ದು 1936ರ ಜೂನ್‌ನಲ್ಲಿ. ಆಕಾಶವಾಣಿ ಅನ್ನೋ ಹೆಸರನ್ನ ಸೂಚಿಸಿದವರು ಅದೇ ಕಾಲೇಜಿನ ನಾ. ಕಸ್ತೂರಿ ಅಂತ ಒಂದು ಮಾತಿದೆ. ಸಂಗೀತ, ಭಾಷಣ, ನಾಟಕ, ಎಲ್ಲಾ ಆ ಮನೆಯಿಂದಲೇ.

ಮನಃಶಾಸ್ತ್ರದ ಮೇಷ್ಟ್ರಿಗೆ ಇದೆಲ್ಲ ಯಾಕೆ ಬೇಕಿತ್ತು ಅಂತ ನಾವು ನಮ್ಮಲ್ಲೇ ವಾದ ಮಾಡಿದೆವು. ನಮ್ಮ ಊಹೆ ಇಷ್ಟು. ಪರೀಕ್ಷೆಯಲ್ಲಿ ಒಬ್ಬ ಮನುಷ್ಯನಿಗೆ ಏನು ಗೊತ್ತಿದೆ ಅನ್ನೋದು ಅವನ ಕಿವಿಗೆ ಏನು ಬಿದ್ದಿದೆ ಅನ್ನೋದರ ಮೇಲೆ ಎಷ್ಟು ನಿಂತಿದೆ ಅಂತ, ಪಶ್ಚಿಮದ ಟೆಸ್ಟ್‌ಗಳನ್ನ ಕೈಯಲ್ಲಿ ಹಿಡಿದು ಮೈಸೂರಿನವರ ಎದುರು ಕೂತವರಿಗೆ ಬೇರೆಯವರಿಗಿಂತ ಚೆನ್ನಾಗಿ ಕಾಣಿಸಿರಬೇಕು. ಕಾಲೇಜಿನ ಗೋಡೆಯ ಒಳಗೆ ನಡೆಯೋ ಮಾತು ಗೋಡೆ ದಾಟೋಕೆ ಆಗಿನ ಕಾಲದಲ್ಲಿ ಇದಕ್ಕಿಂತ ಅಗ್ಗದ ದಾರಿ ಇರಲಿಲ್ಲ. ನಮ್ಮಲ್ಲೊಬ್ಬರು ಇದನ್ನ ಒಪ್ಪಲಿಲ್ಲ, ಹೊಸ ಯಂತ್ರ ಕಂಡರೆ ಆಸೆ ಇರೋ ಮನುಷ್ಯ ಅಷ್ಟೇ ಅಂದರು. ಎರಡೂ ನಿಜ ಇರಬಹುದು. ಲ್ಯಾಬ್ ಕಟ್ಟೋ ಚಟ ಇದ್ದವರಿಗೆ ಟ್ರಾನ್ಸ್‌ಮಿಟರ್ ಇನ್ನೊಂದು ಉಪಕರಣ.

ಸುಮಾರು ಆರು ವರ್ಷ ಅವರು ಅದನ್ನ ನಡೆಸಿದರು. 1942ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡಿತು, 1950ರಲ್ಲಿ ಆಲ್ ಇಂಡಿಯಾ ರೇಡಿಯೋಗೆ ಸೇರಿತು, 1955ರ ನವೆಂಬರ್‌ನಲ್ಲಿ ನಿಲಯವೇ ಬೆಂಗಳೂರಿಗೆ ಹೋಯ್ತು. ಅವರು ಕಟ್ಟಿದ ಮನಃಶಾಸ್ತ್ರ ವಿಭಾಗ ಮಾತ್ರ ಮೈಸೂರಿನಲ್ಲೇ ಉಳಿದಿದೆ, 2024ಕ್ಕೆ ಅದಕ್ಕೆ ನೂರು ವರ್ಷ ತುಂಬಿತು.