ಗೌಹರ್ ಜಾನ್: ಹಡಗೇರಿದ ದನಿ, ಸಿಗದ ಪಾಲು

ಕಲ್ಕತ್ತೆಯ ದಕ್ಷಿಣಕ್ಕೆ ಸದರ್ನ್ ಅವೆನ್ಯೂ ಎಂಬ ನೆರಳಿನ ರಸ್ತೆಯಿದೆ. ಅದರ ಮಗ್ಗುಲಲ್ಲೇ ರವೀಂದ್ರ ಸರೋವರ, ನಜ್ರುಲ್ ಮಂಚ. ಹಲವು ವರ್ಷಗಳಿಂದ ಡೋವರ್ ಲೇನ್ ಸಂಗೀತ ಸಮ್ಮೇಳನ ಜನವರಿಯ ಚಳಿಯಲ್ಲಿ ರಾತ್ರಿಯಿಡೀ ನಡೆಯುವುದು ಅಲ್ಲಿಯೇ. ಆ ರಸ್ತೆಯ ಹೆಸರು ಕೇಳಿದಾಗಲೆಲ್ಲ ನನಗೆ ಒಬ್ಬ ಗಾಯಕಿಯ ನೆನಪಾಗುತ್ತದೆ: ಕಲ್ಕತ್ತೆಯಲ್ಲಿ ಮೆರೆದು ನಮ್ಮ ಮೈಸೂರಿನಲ್ಲಿ ಕಣ್ಮುಚ್ಚಿದ ಗೌಹರ್ ಜಾನ್.

ಆಕೆ ಹುಟ್ಟಿದ್ದು 1873ರಲ್ಲಿ, ಆಜಂಗಢದಲ್ಲಿ. ಹುಟ್ಟುಹೆಸರು ಏಂಜೆಲಿನಾ. ತಂದೆ ಅರ್ಮೇನಿಯನ್ ಮೂಲದವರು. ತಂದೆತಾಯಿ ಬೇರೆಯಾದ ಮೇಲೆ ತಾಯಿ ಇಸ್ಲಾಂ ಸ್ವೀಕರಿಸಿ ಮಲಕಾ ಜಾನ್ ಆದರು. ಮಗಳನ್ನು ಕರಕೊಂಡು 1883ರಲ್ಲಿ ಕಾಶಿಯಿಂದ ಕಲ್ಕತ್ತೆಗೆ ಬಂದರು. ಮಗಳು ಹಾಡು, ಕಥಕ್ ಎರಡರಲ್ಲೂ ಪಳಗಿ ಊರಿನ ಮನೆಮಾತಾದರು.

1902ರಲ್ಲಿ ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಹಾಡು ಹಿಡಿಯುವ ಯಂತ್ರದೊಂದಿಗೆ ಕಲ್ಕತ್ತೆಗೆ ಬಂದ. ದೊಡ್ಡ ಕೊಳವೆಗೆ ಮುಖವೊಡ್ಡಿ ಹಾಡಬೇಕು. ಗಂಟೆಗಟ್ಟಲೆ ಹಾಡುವ ರಾಗವನ್ನು ಸುಮಾರು ಮೂರು ನಿಮಿಷಕ್ಕೆ ಇಳಿಸಬೇಕು. ಗೌಹರ್ ಇಳಿಸಿದರು! ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನೂ ಸಾರಿದರು. ಬರೀ ಜಂಬ ಅಂತ ತಿಳೀಬೇಡಿ. ಪ್ಲೇಟು ಒತ್ತುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಹಾಡು ಯಾರದು ಅಂತ ಅಲ್ಲಿನವರಿಗೆ ಗೊತ್ತಾಗಬೇಕಲ್ಲ!

ಹೆಸರೇನೋ ಸಮುದ್ರ ದಾಟಿತು. ಪಾಲು? ಆಗಿನ ಪದ್ಧತಿಯೆಂದರೆ ಹಾಡಿದ ದಿನ ಒಂದು ಗಂಟು ಹಣ, ಅಲ್ಲಿಗೆ ಮುಗೀತು. ಚೌಕಾಸಿಯಲ್ಲಿ ಗೌಹರ್ ಹಿಂದೆ ಬಿದ್ದವರಲ್ಲ. 3,000 ರೂಪಾಯಿ ಕೇಳಿ ಪಡೆದರೆಂದು ಪ್ರತೀತಿ. ಆದರೆ 1914ರ ಕಾಪಿರೈಟ್ ಕಾಯಿದೆ ಸಹ ಮುದ್ರಣದ ಹಕ್ಕನ್ನು ಮೂಲ ಪ್ಲೇಟಿನ ಒಡೆಯನಿಗೆ ಕೊಟ್ಟಿತೇ ಹೊರತು ಹಾಡಿದವರಿಗಲ್ಲ. ಹತ್ತಾರು ಭಾಷೆಗಳಲ್ಲಿ ಸುಮಾರು 600 ಪ್ಲೇಟು ತುಂಬಿದ ದನಿ ಎಲ್ಲಿ ತಿರುಗಿದರೂ ಲಾಭ ಪ್ಲೇಟಿನವನದೇ.

ಕೋರ್ಟು ಕಚೇರಿ, ಮುರಿದ ಸಂಬಂಧಗಳು ಆಸ್ತಿಯನ್ನು ಕರಗಿಸಿದವು. 1928ರ ಆಗಸ್ಟಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತಿಂಗಳಿಗೆ 500 ರೂಪಾಯಿಯ ಮೇಲೆ ಆಕೆಯನ್ನು ಅರಮನೆಯ ಗಾಯಕಿಯಾಗಿ ನೇಮಿಸಿದರು. 1930ರ ಜನವರಿ 17ರಂದು ಗೌಹರ್ ಮೈಸೂರಿನಲ್ಲೇ ತೀರಿಕೊಂಡರು.

ಇದು ಹಳೇ ಕಥೆ ಅಂತೀರಾ? ನಮ್ಮ 1957ರ ಕಾಯಿದೆಯಲ್ಲೂ ಹಾಡುಗಾರರಿಗೆ ಹಕ್ಕಿರಲಿಲ್ಲ. 1994ರಲ್ಲಿ ಬಂತು, ವ್ಯಾಪಾರಕ್ಕೆ ಬಳಸಿದರೆ ರಾಯಲ್ಟಿ ಅಂತ ಆದದ್ದು 2012ರ ತಿದ್ದುಪಡಿಯಿಂದ. 2018ರಲ್ಲಿ ಭಾರತ ಹಾಡುಗಾರರ ಹಕ್ಕಿನ ಅಂತರರಾಷ್ಟ್ರೀಯ ಒಪ್ಪಂದಕ್ಕೂ ಸೇರಿತು. ಹಾಗಿದ್ದೂ ಅಮೆರಿಕದ ಮಾಮೂಲಿ ರೇಡಿಯೋದಲ್ಲಿ ನಮ್ಮವರ ಹಾಡು ಬಂದರೆ ಹಾಡಿದವರಿಗೆ ಏನನ್ನೂ ಕೊಡಬೇಕೆಂದು ಅಲ್ಲಿನ ಕಾಯಿದೆ ಹೇಳುವುದಿಲ್ಲ. ಅವರ ದೇಶದ ಹಾಡುಗಾರರಿಗೂ ಅದೇ ಗತಿ.

ಯಾರ ಹಾಡು ಅಂತ ಗೊತ್ತಿರಲಿಲ್ಲ ಎಂಬ ನೆಪ ಹ್ಯಾನೋವರಿಗೂ ಇರಲಿಲ್ಲ. ಪ್ಲೇಟೇ ಹೆಸರು ಕೂಗಿ ಹೇಳುತ್ತಿತ್ತು. ಹೆಸರು ಕೇಳಿಸಿಕೊಂಡವರು ಲೆಕ್ಕವನ್ನೂ ಇಡಬಹುದಿತ್ತು.